ಹನ್ನೆರಡು ಡಿಗ್ರಿಗಿಂತ ಕೆಳಗೆ

ನಮ್ಮ ಮನೆಯಲ್ಲಿ ಚಳಿ ಸಾಲದು ಎಂದು ನಮ್ಮ ಅರ್ಜಿ ಬಿದ್ದುಹೋಯಿತು. ಯಾರಿಗೆ ಹೇಳಿದರೂ ನಗುತ್ತಾರೆ. ನನಗೂ ಮೊದಲ ಹತ್ತು ನಿಮಿಷ ನಗುವೇ ಬಂದಿತ್ತು. ಆಮೇಲೆ ಒಳಕೋಣೆಯಲ್ಲಿ ಬುರುಲ್ ಕೆಮ್ಮಿದಳು, ನಗು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಬುರುಲ್ ನನ್ನ ತಂಗಿ, ಏಳು ವರ್ಷದವಳು. ಅವಳ ಎದೆಯಲ್ಲಿ ಹುಟ್ಟಿನಿಂದಲೂ ಒಂದು ಸೀಟಿ ಇದೆ. ಬೇಸಿಗೆಯಲ್ಲಿ ಅದು ಮಲಗಿರುತ್ತದೆ, ನವೆಂಬರ್ ಬಂತೆಂದರೆ ಏಳುತ್ತದೆ. ನಾವಿರುವುದು ಬಿಷ್ಕೆಕ್ ನಗರದ ಉತ್ತರದಂಚಿನ ಹೊಸ ಬಡಾವಣೆಯಲ್ಲಿ. ಇಪ್ಪತ್ತು ವರ್ಷದಿಂದ ಅದನ್ನು ಹೊಸದೆಂದೇ ಕರೆಯುತ್ತಾರೆ. ಅಪ್ಪ ಮಣ್ಣು ತುಳಿದು, ಹಸಿ ಇಟ್ಟಿಗೆ ಒಣಗಿಸಿ, ಎರಡು ಕೋಣೆ ಎಬ್ಬಿಸಿದ. ಮೂರನೆಯದಕ್ಕೆ ಕಿಟಕಿ ತರುವ ಮೊದಲೇ ತೀರಿಕೊಂಡ. ಈಗ ಆ ಎರಡು ಕೋಣೆಗಳಲ್ಲಿ ಅಜ್ಜಿ, ಅಮ್ಮ, ಕೆರೆಜ್ ಎಂಬ ನಾನು, ಬುರುಲ್, ಜೊತೆಗೆ ಒಂದು ಕಲ್ಲಿದ್ದಲಿನ ಒಲೆ. ಒಲೆ ಉರಿದರೆ ಹೊಗೆ, ಆರಿದರೆ ಗೋಡೆಯ ಒಳಗಡೆಯೇ ಇಬ್ಬನಿ. ಇಂಥ ಮನೆಯಲ್ಲಿ ಇನ್ನೊಂದು ಚಳಿಗಾಲ ಕಳೆದರೆ ತಾನು ಯಾವ ಭರವಸೆಯನ್ನೂ ಕೊಡಲಾರೆ ಎಂದು ಕಳೆದ ಮಾರ್ಚಿನಲ್ಲಿ ಮಕ್ಕಳ ಡಾಕ್ಟರು ಹೇಳಿದ್ದರು. ಹೇಳುವಾಗ ಅವರು ಕಾಗದ ನೋಡುತ್ತಿದ್ದರು, ಅಮ್ಮನ ಮುಖ ನೋಡಲಿಲ್ಲ. ನನಗೆ ಹೆದರಿಕೆ ಹುಟ್ಟಿದ್ದು ಅದರಿಂದ.

ಬಡವರ ಮನೆಗೆ ಹೊರಗಿನಿಂದ ದಪ್ಪ ಹೊದಿಕೆ ಬಡಿದು, ಕಿಟಕಿ ಬದಲಿಸಿ, ಇದ್ದಲಿನ ಒಲೆ ಕಿತ್ತು ಕರೆಂಟಿನ ಹೀಟರ್ ಕೂರಿಸಿಕೊಡುವ ಯೋಜನೆಯೊಂದಿತ್ತು. ಎಲ್ಲ ಉಚಿತ. ಆದರೆ ಕೆಂಪು ಪುಸ್ತಕ ಇದ್ದವರಿಗೆ ಮಾತ್ರ. ಕೆಂಪು ಪುಸ್ತಕ ಎಂದರೆ ಜಾಗದ ಹಕ್ಕುಪತ್ರ. ನಮ್ಮ ಬೀದಿಯಲ್ಲಿ ಅದನ್ನು ಕಣ್ಣಿಂದ ನೋಡಿದವರೂ ಇಲ್ಲ. ಈ ಅಕ್ಟೋಬರಿನಲ್ಲಿ ನಿಯಮ ಬದಲಾಯಿತು. ನಾವೆಲ್ಲ ಬೈಕೆ, ಅಂದರೆ ಅಣ್ಣ, ಎನ್ನುವ ಬಡಾವಣೆಯ ಮುಖ್ಯಸ್ಥ ತಾಶ್ಪೊಲೊತ್ ಬ್ರೆಡ್ಡಿನ ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಓದಿ ಹೇಳಿದ. ಪುಸ್ತಕ ಇಲ್ಲದವರಿಗೂ ಇನ್ನು ಮೇಲೆ ಸಿಗುತ್ತದೆ. ಕಾಗದದ ಬದಲು ಅಧಿಕಾರಿ ಮನೆಗೇ ಬಂದು ನೋಡುತ್ತಾರೆ: ಮನೆಯವರೆಲ್ಲ ಎದುರಿಗಿರಬೇಕು, ಹಿಂದಿನ ಸಂಜೆಯಿಂದ ಒಲೆ ಆರಿರಬೇಕು, ಒಳಗೋಡೆ ಹನ್ನೆರಡು ಡಿಗ್ರಿಗಿಂತ ಕೆಳಗಿರಬೇಕು.

ಜನ ಚಪ್ಪಾಳೆ ತಟ್ಟಲಿಲ್ಲ. ಮೆಲ್ಲಗೆ ಒಬ್ಬೊಬ್ಬರಾಗಿ ಮನೆಗೆ ಹೋದರು. ಮೂರು ವರ್ಷದ ಹಿಂದೆ ಹೊಳೆಯಾಚೆಯ ಬಡಾವಣೆಗೂ ಹೀಗೆಯೇ ಯಾರೋ ಪಟ್ಟಿ ಮಾಡಲು ಬಂದಿದ್ದರು, ಆಮೇಲೆ ಮನೆ ಕೆಡವುವ ಯಂತ್ರ ಬಂದಿತ್ತು. ನಾವು ಅಪಾ ಎಂದು ಕರೆಯುವ ನಮ್ಮಜ್ಜಿ ಝೂರಾಕಾನ್ ಅದನ್ನು ಮರೆತಿಲ್ಲ. ಹೆಸರು ಬರೆಸಿದರೆ ಮನೆ ಹೋಗುತ್ತದೆ, ಬರೆಸದಿದ್ದರೆ ಮಗು ಹೋಗುತ್ತದೆ ಎಂದು ಒಂದು ವಾರ ತನಗೆ ತಾನೇ ಗೊಣಗುತ್ತಾ ತಿರುಗಿದಳು. ಎಂಟನೆಯ ದಿನ ಬುರುಲ್ ಕೂತೇ ನಿದ್ದೆ ಮಾಡಿದ್ದನ್ನು ನೋಡಿ, ಬರೆಸು ಎಂದಳು.

ಅಧಿಕಾರಿ ಬರುವ ದಿನ ಬೆಳಿಗ್ಗೆ ನನಗೆ ಪರೀಕ್ಷೆ ಇತ್ತು. ಮುಗಿಸಿ ಓಡಿ ಬರುವಾಗ ಬೀದಿಯ ತುದಿಯಲ್ಲೇ ಅವರು ಸಿಕ್ಕರು. ಷಾಯಿರ್ಗುಲ್ ಎಂದು ಹೆಸರು, ನಲವತ್ತೈದು ದಾಟಿದ ಹೆಂಗಸು, ಗಂಡಸರ ಜಾಕೆಟ್ಟು ಹಾಕಿದ್ದರು. ಎಜೆ, ಅಂದರೆ ಅಕ್ಕ, ಎಂದು ಕರೆದು ಮನೆ ತೋರಿಸಲು ಮುಂದೆ ನಡೆದೆ. ಬಾಗಿಲು ತೆಗೆದೆ. ಒಳಗಿನ ಸೆಕೆ ಮುಖಕ್ಕೆ ರಪ್ಪೆಂದು ಬಡಿಯಿತು.

ಇಡೀ ಬೀದಿ ನಮ್ಮ ಮನೆಯಲ್ಲಿತ್ತು. ಒಂದು ಮನೆಗೆ ದೊಡ್ಡ ಅತಿಥಿ ಬಂದರೆ ಬೀದಿಗೇ ಬಂದ ಹಾಗೆ ಅಲ್ಲವೇ? ಎಡಪಕ್ಕದವರು ಗೋಡೆಗೆ ಜಮಖಾನ ತಂದು ತೂಗುಹಾಕಿದ್ದರು, ಬಲಪಕ್ಕದವರು ಎರಡು ಬಕೆಟ್ ಒಳ್ಳೆಯ ಇದ್ದಲು ಕೊಟ್ಟಿದ್ದರು, ಎದುರುಮನೆಯವರ ಗಾಜಿನ ಬಟ್ಟಲುಗಳಲ್ಲಿ ನಾಲ್ಕು ಬಗೆಯ ಹಣ್ಣಿನ ಪಾಕ ಹೊಳೆಯುತ್ತಿತ್ತು. ಅಮ್ಮ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. ಒಲೆಯ ತಗಡು ಕೆಂಪಗಾಗಿತ್ತು. ಅಪಾ ಮದುವೆಗೆ ಹಾಕುವ ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡು ಅಧಿಕಾರಿಯ ಕೈ ಹಿಡಿದು, ಬಾಗಿಲಿಗೆ ಎದುರಾಗಿರುವ ಗೌರವದ ಜಾಗಕ್ಕೇ ಕರೆದೊಯ್ದು ಕೂರಿಸಿದಳು.

ನಾನು ಅಪಾಗೆ ನಿಯಮ ಹೇಳಿರಲಿಲ್ಲವೇ? ಮೂರು ಸಲ ಹೇಳಿದ್ದೆ. ಮೂರು ಸಲವೂ ತಲೆ ಆಡಿಸಿದ್ದಳು. ಅತಿಥಿಯನ್ನು ತಣ್ಣನೆಯ ಮನೆಯಲ್ಲಿ ಕೂರಿಸುವುದು ಎಂಬ ಮಾತು ಅವಳ ತಲೆಯೊಳಗೆ ಇಳಿದೇ ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಳಿಗೆ ಆ ಯಂತ್ರದ ಭಯ. ಮನೆ ಗುಡಿಸಲಿನಂತೆ ಕಂಡರೆ ಕೆಡವುತ್ತಾರೆ, ನಾಲ್ಕು ಜನ ಮರ್ಯಾದಸ್ಥರ ಮನೆಯಂತೆ ಕಂಡರೆ ಬಿಡುತ್ತಾರೆ ಎಂದು ಅವಳ ಲೆಕ್ಕ.

ಷಾಯಿರ್ಗುಲ್ ಎಜೆ ಬ್ರೆಡ್ ಮುರಿದು ಬಾಯಿಗೆ ಹಾಕಿಕೊಂಡರು, ಚಹಾ ಕುಡಿದರು, ಎದ್ದು ಜಮಖಾನ ಸರಿಸಿ ಗೋಡೆಗೆ ಪಿಸ್ತೂಲಿನಂಥ ಮಾಪಕ ಹಿಡಿದರು. ಇಪ್ಪತ್ತೊಂದು. ಬರೆದುಕೊಂಡರು. ಎಲ್ಲರೂ ಚೆನ್ನಾಗಿರಿ ಎಂದು ಹರಸಿ ಹೊರಟರು.

"ನೋಡಿದ್ಯಾ, ಒಂದು ಮಾತೂ ಎತ್ತಲಿಲ್ಲ," ಎಂದಳು ಅಪಾ. "ನಮ್ಮನ್ನ ಕೆಡವೋ ಥರದ ಜನ ಅಲ್ಲ ಅಂತ ಗೊತ್ತಾಯ್ತು ಅವಳಿಗೆ."

ಆಗಲೇ ನನಗೆ ನಗು ಬಂದದ್ದು. ಆಮೇಲೆ ಬುರುಲ್‌ಳ ಕೆಮ್ಮು. ಆಮೇಲೆ ನಾನು ಚಪ್ಪಲಿಯಲ್ಲೇ ಹಿಮದೊಳಗೆ ಓಡಿದೆ.

ಅವರು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದರು. ಜಮಖಾನ ನಮ್ಮದಲ್ಲ, ಇದ್ದಲು ನಮ್ಮದಲ್ಲ, ಆ ಸೆಕೆಯೂ ನಮ್ಮದಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ನನ್ನ ಕಾಲು ನೋಡಿದರು.

"ಗೊತ್ತು ಕಣಮ್ಮ," ಎಂದರು. "ಈ ವಾರ ಹೀಗೆ ಮಾಡಿದ್ದು ನಿಮ್ಮದು ಆರನೇ ಮನೆ. ಒಂದು ಮನೇಲಂತೂ ನನಗೋಸ್ಕರ ಕುರಿ ಕಡಿದಿದ್ರು. ನಾನೇನು ಮಾಡ್ಲಿ, ಮಾಪಕ ತೋರಿಸಿದ್ದನ್ನ ಬರೀಬೇಕು."

ಇನ್ನೊಂದು ಸಲ ಬರಲು ಅವಕಾಶವಿದೆ, ಒಂದೇ ಸಲ, ಎಂದರು. ಶುಕ್ರವಾರ ಹನ್ನೊಂದಕ್ಕೆ. ಅವತ್ತು ಸಂಜೆಗೆ ಪಟ್ಟಿ ಮುಚ್ಚುತ್ತದೆ. ಒಲೆ ಉರಿಯುತ್ತಿದ್ದರೆ ಮುಂದಿನ ಪಟ್ಟಿ ಯಾವಾಗ ಎಂದು ಅವರಿಗೂ ಗೊತ್ತಿಲ್ಲ.

ನೆರೆಯವರು ಜಮಖಾನ ಬಿಚ್ಚಿಕೊಂಡು ಹೋದರು. ಅಪಾಗೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಬಿಳಿ ವಸ್ತ್ರ ಬಿಚ್ಚಿ ಮಡಿಸಿದಳು, ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. ಅಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಶುಕ್ರವಾರ ಬೆಳಿಗ್ಗೆಗೆ ರಜೆ ಕೇಳಿಕೊಂಡಳು.

ಗುರುವಾರ ಸಂಜೆ ಆರಕ್ಕೆ ಒಲೆ ಆರಿಸಿ ಬೂದಿ ಎತ್ತಿದೆವು. ಶುಕ್ರವಾರ ಎದ್ದಾಗ ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ, ಒಳಗೆ ನನ್ನ ಪುಟ್ಟ ಥರ್ಮಾಮೀಟರಿನಲ್ಲಿ ಒಂಬತ್ತು. ಬುರುಲ್‌ಗೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಹೊದಿಸಿದ್ದೆವು. ಪಕ್ಕದ ಮನೆಯಲ್ಲಿ ಬಿಡೋಣವೆಂದರೆ ಅಲ್ಲಿ ಇಬ್ಬರು ಮಕ್ಕಳಿಗೆ ದಡಾರ. ಅವಳು ಮೂಗು ಮಾತ್ರ ಹೊರಗಿಟ್ಟು ಉಸಿರು ಊದಿ ಊದಿ ನೋಡುತ್ತಿದ್ದಳು.

"ಎಜೆ, ನನ್ನ ಬಾಯಿಂದ ಹೊಗೆ ಬರ್ತಿದೆ," ಎಂದಳು ನನಗೆ. "ಈಗ ನಾನೇ ಒಲೆ. ನನ್ನ ಹತ್ರ ಬಾ."

ಹೋಗಿ ತಬ್ಬಿಕೊಂಡು ಕೂತೆ. ಹನ್ನೊಂದಾಯಿತು. ಹನ್ನೊಂದೂವರೆ. ಬೀದಿಯಲ್ಲಿ ಕಾರಿನ ಸದ್ದಿಲ್ಲ. ಷಾಯಿರ್ಗುಲ್ ಎಜೆಗೆ ಫೋನ್ ಮಾಡಿದರೆ ರಿಂಗೇ ಆಗುತ್ತಿಲ್ಲ. ತಾಶ್ಪೊಲೊತ್ ಬೈಕೆಗೆ ಮೆಸೇಜ್ ಹಾಕಿದೆ. ದೊಡ್ಡ ರಸ್ತೆಯಲ್ಲಿ ಹಿಮಕ್ಕೆ ಲಾರಿ ಅಡ್ಡ ತಿರುಗಿದೆ, ಕಾಯಿರಿ ಎಂದು ಉತ್ತರ ಬಂತು. ಥರ್ಮಾಮೀಟರಿನಲ್ಲಿ ಎಂಟು. ನನ್ನೊಳಗಿನ ಕೆಟ್ಟ ಬುದ್ಧಿ, ಇನ್ನೂ ಇಳಿಯಲಿ, ಒಳ್ಳೆಯದೇ ಆಯಿತು ಎಂದಿತು. ಹಾಗೆ ಅನ್ನಿಸಿದ್ದು ನಿಜ, ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡೂಕಾಲಿಗೆ ಬುರುಲ್ ತಮಾಷೆ ನಿಲ್ಲಿಸಿದಳು. ಎದೆಯ ಸೀಟಿ ಮೊದಲು ಜೋರಾಯಿತು. ಸೀಟಿ ಜೋರಾದರೆ ಅಭ್ಯಾಸದ ಮೇಲೆ ನಾವು ಅಷ್ಟು ಹೆದರುವುದಿಲ್ಲ. ಉಸಿರಿನ ಔಷಧಿಯ ಪಂಪು ಎರಡು ಸಲ ಒತ್ತಿದೆ. ಇನ್ನೆರಡು ಸಲ ಒತ್ತಿದೆ. ಆಮೇಲೆ ಸೀಟಿ ಸಣ್ಣದಾಗುತ್ತಾ ಬಂತು. ಅಮ್ಮನ ಮುಖ ಸಡಿಲವಾಯಿತು, ಕಡಿಮೆಯಾಯಿತು ನೋಡು ಎಂದಳು. ನಾನು ಕೌದಿ ಎತ್ತಿ ನೋಡಿದೆ. ಕಡಿಮೆಯಾಗಿರಲಿಲ್ಲ. ಪಕ್ಕೆಲುಬಿನ ನಡುವೆ ಚರ್ಮ ಗುಳಿಬಿದ್ದು ಒಳಕ್ಕೆ ಹೋಗುತ್ತಿತ್ತು. ಗಾಳಿಯೇ ಓಡಾಡದೆ ಸೀಟಿ ನಿಲ್ಲುತ್ತಿತ್ತು.

ಅಮ್ಮ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ರಸ್ತೆ ತೆರೆದ ಮೇಲೆ, ಒಂದು ಗಂಟೆಯಾದರೂ ಆಗುತ್ತದೆ ಎಂದರಂತೆ. ನಾನು ಬೆಂಕಿಪೊಟ್ಟಣ ಹುಡುಕಿದೆ. ಅದು ಅಪಾಳ ಮುಷ್ಟಿಯಲ್ಲಿತ್ತು. ಬೆಳಿಗ್ಗೆಯಿಂದ ಆರಿದ ಒಲೆಯ ಪಕ್ಕವೇ ಕೂತಿದ್ದಳು, ಕಾವಲು ಕೂತವಳ ಹಾಗೆ.

"ಕೊಡು ಅಪಾ."

"ಇನ್ನೊಂದು ಸ್ವಲ್ಪ ಹೊತ್ತು ತಡಿ, ಕೆರೆಜ್," ಎಂದಳು. "ಹೋದ್ಸಲ ನಾನು ಹಚ್ಚಿ ಕೆಡಿಸ್ದೆ. ಈ ಸಲಾನೂ ನನ್ನ ಕೈಯಿಂದ ಕೆಡಬಾರ್ದು. ಬರ್ತಾಳೆ ಅವಳು. ಈಗ ಬಂದೇಬಿಡ್ತಾಳೆ."

"ಅಪಾ, ಅವಳ ತುಟಿ ನೋಡು."

ಅವಳು ನೋಡಲಿಲ್ಲ. ನೋಡಿದರೆ ಬಿಟ್ಟುಕೊಡಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ನನ್ನ ಜೀವನದಲ್ಲಿ ಅಪಾಳ ಮೈಮೇಲೆ ಬಲವಂತದ ಕೈ ಹಾಕಿದ್ದು ಅದೇ ಮೊದಲು. ಬೆರಳುಗಳು ಇದ್ದಲಿಗಿಂತ ತಣ್ಣಗಿದ್ದವು.

ಒಲೆಗೆ ಪುಳ್ಳೆ ಹಾಕಿ, ನನ್ನ ನೋಟ್ಸ್ ಪುಸ್ತಕ ಹರಿದು ಹಚ್ಚಿದೆ. ಮೇಲೊಂದು ಪಾತ್ರೆ ನೀರಿಟ್ಟೆ, ಹಬೆಯಾದರೂ ಬರಲಿ ಎಂದು. ತಣ್ಣಗಾದ ಕೊಳವೆಯಲ್ಲಿ ಹೊಗೆ ಏರಲಿಲ್ಲ, ಮೊದಲು ಕೋಣೆಗೇ ಬಂತು. ಬುರುಲ್‌ಗೆ ಅದೇ ವಿಷ. ಅಮ್ಮ ಅವಳನ್ನು ಎತ್ತಿಕೊಂಡು ಬಾಗಿಲ ಬಳಿಗೆ ಓಡಿದಳು. ಬಾಗಿಲು ತೆಗೆದರೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಗಾಳಿ, ಮುಚ್ಚಿದರೆ ಹೊಗೆ. ಅಮ್ಮ ಹೊಸ್ತಿಲಲ್ಲಿ ನಿಂತು ಬಾಗಿಲನ್ನು ತೆಗೆಯುತ್ತಲೂ ಮುಚ್ಚುತ್ತಲೂ ಇದ್ದಳು. ಅಮ್ಮ ಅತ್ತಿದ್ದರೆ ನನಗೆ ಸ್ವಲ್ಪ ಧೈರ್ಯ ಬರುತ್ತಿತ್ತು.

ಬಾಗಿಲು ನಾಲ್ಕನೆಯ ಸಲವೋ ಐದನೆಯ ಸಲವೋ ತೆರೆದಾಗ ಅಲ್ಲಿ ಷಾಯಿರ್ಗುಲ್ ಎಜೆ ನಿಂತಿದ್ದರು. ಮೊಣಕಾಲ ತನಕ ಹಿಮ. ಕಾರನ್ನು ಲಾರಿಯಾಚೆ ಬಿಟ್ಟು ನಡೆದು ಬಂದಿದ್ದರು. ಮೊದಲು ಬುರುಲ್‌ಳ ಮುಖ ನೋಡಿದರು, ಆಮೇಲೆ ನನ್ನ ಹಿಂದಿನ ಒಲೆಯನ್ನು.

ಯಾರೂ ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ಅವರು ಹೊಸ್ತಿಲಲ್ಲೇ ನಿಂತು ಗೋಡೆಗೆ ಮಾಪಕ ಹಿಡಿದರು. ಏಳು. ಜೇಬಿನಿಂದ ಕಾಗದ ತೆಗೆದು ನನ್ನನ್ನೇ ಕೇಳಿದರು.

"ಒಲೆ ಉರೀತಿದೆಯಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರೀಬೇಕು."

ಅಪಾ ನನ್ನ ಕಡೆ ನೋಡಿದಳು. ಇಲ್ಲ ಎಂದರೆ ಬಹುಶಃ ಅವರು ಇಲ್ಲ ಎಂದೇ ಬರೆಯುತ್ತಿದ್ದರು, ಅದಕ್ಕೇ ನನ್ನನ್ನು ಕೇಳಿದ್ದು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಯಾವುದೂ ಹೊಳೆಯಲಿಲ್ಲ.

"ಉರೀತಿದೆ," ಎಂದೆ. "ನಾನೇ ಹಚ್ಚಿದ್ದು."

ಅವರು ಬರೆದರು. ಅದರ ಕೆಳಗೆ ಇನ್ನೂ ಒಂದು ಸಾಲು ಬರೆದರು, ಓದಿ ಹೇಳಲಿಲ್ಲ. ಕಾಗದ ಮಡಿಸಿಟ್ಟು, ತಮ್ಮ ಜಾಕೆಟ್ಟು ಬಿಚ್ಚಿ ಬುರುಲ್‌ಗೆ ಸುತ್ತಿ, ಅಮ್ಮನ ಕೈಯಿಂದ ಅವಳನ್ನು ತೆಗೆದುಕೊಂಡು ನಡೆದೇಬಿಟ್ಟರು. ನಾನೂ ಅಮ್ಮನೂ ಹಿಂದೆ ಓಡಿದೆವು. ದೊಡ್ಡ ರಸ್ತೆ ತನಕ ಏಳುನೂರು ಹೆಜ್ಜೆ ಇರಬಹುದು. ದಾರಿಯುದ್ದಕ್ಕೂ ನಾನು ಬುರುಲ್‌ಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಬೆನ್ನು ಏರಿತೇ, ಇಳಿಯಿತೇ, ಮತ್ತೆ ಏರಿತೇ. ಒಂದು ಸಲ ತುಂಬ ಹೊತ್ತು ಏರಲಿಲ್ಲ. ಆ ಹೊತ್ತಿನಲ್ಲಿ ನಾನು ದೇವರಿಗೆ ಏನೇನು ಮಾತು ಕೊಟ್ಟೆನೋ ಅವನಿಗೇ ಗೊತ್ತು.

ಲಾರಿಯಾಚೆ ನಿಂತಿದ್ದ ಅವರ ಕಾರಿನಲ್ಲಿ ಆಸ್ಪತ್ರೆ ಸೇರಿದೆವು. ಅಲ್ಲಿ ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು, ಸೂಜಿ ಚುಚ್ಚಿದರು. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು.

ಭಾನುವಾರ ಮಧ್ಯಾಹ್ನ ಅಪಾ ನೂಡಲ್ಸಿನ ಸಾರು ಹೊತ್ತುಕೊಂಡು ಬಂದಳು. ವಾರ್ಡು ಬೆಚ್ಚಗಿತ್ತು, ಬುರುಲ್ ತೋಳಿಲ್ಲದ ಅಂಗಿಯಲ್ಲಿ ಕೂತು ಪಕ್ಕದ ಹಾಸಿಗೆಯ ಹುಡುಗಿಗೆ ಬಾಯಿಂದ ಹೊಗೆ ಬಿಡುವುದು ಹೇಗೆಂದು ಕಲಿಸಲು ನೋಡುತ್ತಿದ್ದಳು. ಇಲ್ಲಿ ಆಗುವುದಿಲ್ಲವೆಂದು ಅವಳಿಗೆ ಬೇಜಾರು. ಡಾಕ್ಟರು ಬಂದು ಎದೆಗೆ ಕೊಳವೆಯಿಟ್ಟು ಕೇಳಿದರು, ತೃಪ್ತಿಯಾಯಿತು ಎಂದರು, ನಾಳೆ ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಅಕ್ಕಪಕ್ಕದ ತಾಯಂದಿರು ನಮ್ಮನ್ನು ಅಭಿನಂದಿಸಿದರು. ಅಮ್ಮ ಆಮ್ಲಜನಕದ ಮುಸುಕಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. ನಾಳೆ ಹೋಗಬೇಕಾದದ್ದು ಅದೇ ಮನೆಗೆ. ಯೋಜನೆಯ ಕಚೇರಿಯಿಂದ ಮೆಸೇಜ್ ಬಂದಿರಲಿಲ್ಲ. ಷಾಯಿರ್ಗುಲ್ ಎಜೆ ಮಾತ್ರ ಒಂದು ಸಲ ಫೋನ್ ಮಾಡಿ, ಸಮಿತಿಯವರು ಆ ಸಾಲು ಓದಿದ್ದಾರೆ, ಒಪ್ಪುತ್ತಾರೋ ಇಲ್ಲವೋ ಹೇಳಲಾರೆ ಎಂದಿದ್ದರು.

"ಮನೆ ಬೆಚ್ಚಗಿದೆ ತಾನೆ?" ಡಾಕ್ಟರು ಬರೆಯುತ್ತಲೇ ಕೇಳಿದರು.

ಅಮ್ಮ ಹೂಂ ಎನ್ನಲು ಬಾಯಿ ತೆರೆದಿದ್ದಳು. ಹೊರಗಿನವರಿಗೆ ನಾವು ಹಾಗೇ ಹೇಳುವುದು.

"ಇಲ್ಲ," ಎಂದಳು ಅಪಾ. ವಾರ್ಡಿಗೆಲ್ಲ ಕೇಳುವಷ್ಟು ಜೋರಾಗಿ. "ತಣ್ಣಗಿದೆ. ನಮ್ಮ ಮನೆ ತಣ್ಣಗಿದೆ, ಡಾಕ್ಟರಮ್ಮ."

ಡಾಕ್ಟರ ಪೆನ್ನು ನಿಂತಿತು. ಅಪಾಳ ಕಿವಿ ಕೆಂಪಾಗಿತ್ತು, ಆದರೆ ಕಣ್ಣು ಕೆಳಗೆ ಹಾಕಲಿಲ್ಲ. ಬರೆದಿದ್ದನ್ನು ಅವರು ಹೊಡೆದುಹಾಕಿದರು.

"ಗುರುವಾರದ ತನಕ ಇಟ್ಕೋತೀನಿ," ಎಂದರು. "ಆಮೇಲೆ ಆಗಲ್ಲ, ಅಮ್ಮ. ಕಾರಿಡಾರಲ್ಲೂ ಮಕ್ಕಳು ಮಲಗಿದ್ದಾರೆ."

ಕಚೇರಿಯಿಂದ ಮೆಸೇಜ್ ಇನ್ನೂ ಬಂದಿಲ್ಲ. ಇವತ್ತು ಮಂಗಳವಾರ.