ಮಷಿನ್ ಸದ್ದು ನಿಲ್ಲಬಾರದು

ಕಾಲು ಜೋಮು ಹಿಡಿಯುವ ತನಕ ಹೊಲಿಗೆ ಮಷಿನ್ ತುಳಿದ ಗಂಡು ನಾನು. ನಗಬೇಡಿ ಸ್ವಾಮಿ. ಅಪ್ಪ, ಅಣ್ಣ ಇಬ್ಬರನ್ನೂ ಒಬ್ಬನೇ ತಡೆದು ಅತ್ತಿಗೆಗೆ ಒಂದು ಇಡೀ ಮಧ್ಯಾಹ್ನ ಗೆದ್ದುಕೊಟ್ಟವನು ಈ ಬೀದಿಯಲ್ಲಿ ಇನ್ನೊಬ್ಬನಿದ್ದರೆ ಎದುರಿಗೆ ಬರಲಿ.

ಅತ್ತಿಗೆ ಆಸ್ಪತ್ರೆಯಲ್ಲಿ ಆಯಾ, ರಾತ್ರಿ ಪಾಳಿ. ಅಲ್ಲಿನ ಹೊಲಿಗೆ ಕೋಣೆಯಲ್ಲಿ ಹಗಲು ಹೊತ್ತು ಕೂತು ಮಾಡುವ ಕೆಲಸವೊಂದು ಖಾಲಿಯಿತ್ತು. ಬೇಕಾದವರು ಸೋಮವಾರ ಬೆಳಿಗ್ಗೆ ತಾವೇ ಹೊಲಿದ ಅಂಗಿಯೊಂದನ್ನು ತಂದು ತೋರಿಸಬೇಕು. ಹಾಲು ಕಾಯುವಷ್ಟರಲ್ಲಿ ಒಂದು ಹೊಲಿಗೆ, ಬಕೆಟ್ ತುಂಬುವಷ್ಟರಲ್ಲಿ ಇನ್ನೊಂದು, ಹೀಗೆ ವಾರವಿಡೀ ಕದ್ದ ಹೊತ್ತಿನಲ್ಲಿ ಅಂಗಿ ಬೆಳೆದಿತ್ತು. ತೋಳೆರಡು ಬಾಕಿ. ಉಳಿದಿದ್ದುದು ಭಾನುವಾರದ ಮಧ್ಯಾಹ್ನ ಮಾತ್ರ. ಸಂಜೆ ಮತ್ತೆ ಪಾಳಿ.

"ನೀವು ಹೊಲೀರಿ ಅತ್ತಿಗೆ. ಈ ಬಾಗಿಲು ದಾಟೋನು ಮೊದಲು ನನ್ನ ದಾಟ್ಬೇಕು."

"ಡೈಲಾಗ್ ಬೇಡ ಹೀರೋ. ಯಾರೂ ನನ್ನ ಕರೀದೆ ಇರೋ ಹಾಗೆ ನೋಡ್ಕೋ, ಸಾಕು."

ಬಾಗಿಲಿಗೆ ಕುರ್ಚಿ ಹಾಕಿ ಕೂತೆ. ಅಣ್ಣ ಬಂದ. "ಲೋ, ನನ್ನ ನೀಲಿ ಶರ್ಟ್ ಎಲ್ಲಿ ಅಂತ ಕೇಳೋ ಅವಳನ್ನ."

"ಈ ಕೇಸಿಗೆ ನೀನೇ ಇನ್‌ಸ್ಪೆಕ್ಟರು. ಹೋಗಿ ಹುಡುಕು."

ಬೈದುಕೊಂಡು ಹೋದ. ಒಳಗೆ ಒಂದು ತೋಳು ಮುಗಿಯುವಷ್ಟು ಹೊತ್ತು ಮಷಿನ್ ಓಡಿತು, ಆಮೇಲೆ ನಿಂತಿತು. ತಕ್ಷಣ ಹಜಾರದಿಂದ ಅಪ್ಪ, "ಮುಗೀತೇನಮ್ಮಾ? ಹಾಗಾದ್ರೆ ಒಂದು ಲೋಟ ಚಾ..."

ಬಾಗಿಲು ಸರಿಸಿ ನೋಡಿದೆ. ಇನ್ನೊಂದು ತೋಳಿಗೆ ಪಿನ್ನು ಚುಚ್ಚಲು ನೆಲದ ಮೇಲೆ ಕೂತ ಅತ್ತಿಗೆ ಗೋಡೆಗೊರಗಿ ಹಾಗೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಪಿನ್ನು ಇನ್ನೂ ಬೆರಳ ಸಂದಿಯಲ್ಲೇ ಇತ್ತು.

ಸದ್ದು ನಿಂತರೆ ಮನೆಯೆಲ್ಲ ಕರೆಯುತ್ತದೆ. ಸೂಜಿ ಕಳಚಿಟ್ಟು ಸ್ಟೂಲಿನ ಮೇಲೆ ಕೂತೆ, ಬರೀ ಮಷಿನ್ ತುಳಿಯತೊಡಗಿದೆ. ಕಟಕಟ ಕಟಕಟ.

"ಇನ್ನೂ ಇದೆಯೇನೋ, ಪಾಪ," ಎಂದು ಅಪ್ಪ ಎದ್ದು ತಾವೇ ಚಾ ಇಟ್ಟುಕೊಂಡರು. ಕಿವಿಯ ಪಕ್ಕದಲ್ಲೇ ಅಷ್ಟು ಗದ್ದಲವಾದರೂ ಅತ್ತಿಗೆಯ ರೆಪ್ಪೆ ಅಲುಗಲಿಲ್ಲ.

ಪಾಳಿಯ ಹೊತ್ತಿಗೆ ಅವರೇ ಗಾಬರಿಯಿಂದ ಎದ್ದರು. ಮಷಿನ್ ನೋಡಿದರು, ನನ್ನ ಕಾಲು ನೋಡಿದರು, ಒಂಟಿ ತೋಳಿನ ಅಂಗಿ ನೋಡಿದರು.

"ಯಾಕೋ ಎಬ್ಬಿಸ್ಲಿಲ್ಲ?"

ಅಂಗಿ, ತೋಳು, ಸೂಜಿ, ದಾರ ಎಲ್ಲ ಚೀಲಕ್ಕೆ ತುರುಕಿಕೊಂಡು ಅವರು ಹೊರಟುಬಿಟ್ಟರು.

ಗೆದ್ದೆ ಅಂದೆನಲ್ಲ, ನಿಜ ಹೇಳಿಬಿಡುತ್ತೇನೆ. ಎಬ್ಬಿಸಲು ಎರಡು ಸಲ ಕೈ ಚಾಚಿದ್ದೆ. ಹೆಗಲ ತನಕ ಹೋದ ಕೈ ಹಾಗೇ ಹಿಂದೆ ಬಂತು. ಅತ್ತಿಗೆ ಆ ರಾತ್ರಿ ವಾರ್ಡಿನಲ್ಲಿ ರೋಗಿ ಒಬ್ಬರು ಕರೆದು ಇನ್ನೊಬ್ಬರು ಕರೆಯುವುದರೊಳಗೆ ಆ ತೋಳನ್ನು ಕೈಯಲ್ಲೇ ಹೊಲಿದು ಮುಗಿಸಿದ್ದರಂತೆ. ಸೋಮವಾರ ಮನೆಗೆ ಬಂದು ಹೊಸಿಲ ಮೇಲೆ ಕೂತರು.

"ಕೈಹೊಲಿಗೆ ಬೇಡವಂತೆ. ಬೇರೆಯವ್ರನ್ನ ತಗೊಂಡ್ರು."

ನಾನು ಅವರ ಕೈಯಿಂದ ಚೀಲ ಇಸಿದುಕೊಂಡೆ.

"ಆ ನಿದ್ದೆ ಮಾತ್ರ ಚೆನ್ನಾಗಿತ್ತು ಕಣೋ," ಎಂದರು. ಒಂದು ಚಪ್ಪಲಿ ಬಿಚ್ಚಿದರು. ಇನ್ನೊಂದನ್ನು ಕಾಲಲ್ಲೇ ಬಿಟ್ಟುಕೊಂಡು ಬಹಳ ಹೊತ್ತು ಅಲ್ಲೇ ಕೂತಿದ್ದರು.