ಇಪ್ಪತ್ತು ಇಂಚಿನ ಬೆಂಚು

ಬಡಗಿಯ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪು ಸಿಗುವುದಿಲ್ಲ ಎಂದು ಊರವರು ಹೊಗಳುತ್ತಿದ್ದರು. ಊರವರಿಗೇನು, ಹೊಗಳುತ್ತಾರೆ. ಅವನ ಹೊಟ್ಟೆಯೊಳಗೆ ಇಪ್ಪತ್ತಾರು ವರ್ಷದಿಂದ ಇಪ್ಪತ್ತು ಇಂಚಿನ ಒಂದು ತಪ್ಪು ಕಾಲು ಚಾಚಿಕೊಂಡು ಕೂತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗಂತೂ ಹೇಳುವ ಹಾಗೇ ಇರಲಿಲ್ಲ.

ಯಾಕೆಂದರೆ ಹೆಂಡತಿ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಅವಳ ತರಗತಿಯ ಬೆಂಚುಗಳು ನೆಲದಿಂದ ಇಪ್ಪತ್ತು ಇಂಚು ಎತ್ತರ. ಆರು ವರ್ಷದ ಮಕ್ಕಳು ಅದನ್ನು ಗೋಡೆ ಹತ್ತಿದ ಹಾಗೆ ಹತ್ತಬೇಕು. ಹತ್ತಿ ಕೂತರೆ ಕಾಲು ಗಾಳಿಯಲ್ಲಿ. ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ, ಚಪ್ಪಲಿ ಒಂದೊಂದೇ ಕಳಚಿ ಬೀಳುತ್ತದೆ, ಬೋರ್ಡಿನ ಹತ್ತಿರ ಕರೆದರೆ ಧುಮುಕಿಯೇ ಬರಬೇಕು. ಬಿದ್ದವರನ್ನು ಎತ್ತುವುದರಲ್ಲೇ ತನ್ನ ಅರ್ಧ ಪಾಠ ಮುಗಿಯುತ್ತದೆ ಎಂದು ಅವಳು ಸಂಜೆ ಮನೆಗೆ ಬಂದು ರೇಗುತ್ತಿದ್ದಳು. ಆ ಅಳತೆ ಬರೆದ ಮಹಾನುಭಾವ ಒಂದು ದಿನ ತನ್ನ ಕೈಗೆ ಸಿಗಬೇಕು ಎನ್ನುತ್ತಿದ್ದಳು. ಆಗೆಲ್ಲ ಬಡಗಿ ಪೆನ್ಸಿಲ್ ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಪೆನ್ಸಿಲ್ ಅವನ ಕಿವಿಯ ಮೇಲೇ ಇರುತ್ತಿತ್ತು.

ಆದದ್ದಿಷ್ಟು. ಅವನಿಗೆ ಮದುವೆಯಾದ ಹೊಸತು. ಒಂದು ಮಧ್ಯಾಹ್ನ ಶಿಕ್ಷಣ ಕಚೇರಿಯ ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಅಂಗಡಿಗೆ ಬಂದ. ಶಾಲೆಗಳಿಗೆ ಬೆಂಚು ಮಾಡಿಸುವ ಟೆಂಡರ್ ಪತ್ರ ಅಂದೇ ಸಂಜೆ ಹೋಗಬೇಕಿತ್ತು, ಅಳತೆ ಬರೆಯುವ ಜಾಗ ಮಾತ್ರ ಖಾಲಿ ಉಳಿದಿತ್ತು. ಬೆಂಚಿನ ಎತ್ತರ ಎಷ್ಟು, ಬೇಗ ಹೇಳು ಎಂದು ಪ್ರಾಣ ತಿಂದ. ಬಡಗಿಯ ಮನೆತನದಲ್ಲಿ ಇದಕ್ಕೊಂದು ಕ್ರಮವಿತ್ತು. ಹಲಗೆಯ ಮೇಲೆ ಹಲಗೆ ಪೇರಿಸಿ, ಅದರ ಮೇಲೆ ಮನುಷ್ಯನನ್ನು ಕೂರಿಸಿ, ಪಾದ ನೆಲಕ್ಕೆ ತಾಗಿ ತೊಡೆ ಮಟ್ಟಸವಾಗುವ ತನಕ ಹಲಗೆ ಸೇರಿಸುತ್ತ ತೆಗೆಯುತ್ತ ಹೋಗುವುದು. ಕೊನೆಗೆ ಹಲಗೆಗಳಿಗೆ ಟೇಪು ಹಿಡಿಯುವುದು. ಮನುಷ್ಯನನ್ನು ಕೂರಿಸದೆ ಅವರು ಯಾವತ್ತೂ ಅಳತೆ ಹೇಳಿದವರಲ್ಲ. ಆ ಹೊತ್ತಿಗೆ ಅಂಗಡಿಯಲ್ಲಿ ಸಿಕ್ಕ ಮನುಷ್ಯ ಅಕ್ಕನನ್ನು ನೋಡಲು ಬಂದಿದ್ದ ಭಾವಮೈದ ಒಬ್ಬನೇ. ಮನೆಯವರೆಲ್ಲ ಅವನನ್ನು ಏಣಿ ಎಂದೇ ಕರೆಯುತ್ತಿದ್ದರು. ತಲೆ ತಗ್ಗಿಸದೆ ಅವನು ದಾಟಬಲ್ಲ ಬಾಗಿಲನ್ನು ಯಾವ ಬಡಗಿಯೂ ಇನ್ನೂ ಮಾಡಿರಲಿಲ್ಲ.

ಏಣಿ ಕೂತ, ಇಪ್ಪತ್ತು ಇಂಚು ಬಂತು. ಮಕ್ಕಳಿಗಾದರೆ ಇದರಲ್ಲಿ ಎಷ್ಟು ಇಳಿಸಬೇಕು ಎಂದು ಬಡಗಿ ತಲೆ ಕೆರೆದುಕೊಳ್ಳುವಷ್ಟರಲ್ಲಿ ಗುಮಾಸ್ತ ಬರೆದುಕೊಂಡು ಸೈಕಲ್ ಹತ್ತಿಯಾಗಿತ್ತು. ನಾಳೆ ಹೋಗಿ ಹೇಳಿದರಾಯಿತು ಎಂದುಕೊಂಡ. ಮರುದಿನ ಅವಸರದ ಮಂಚದ ಕೆಲಸ ಬಂತು. ಅದರ ಮರುದಿನ ನಾಚಿಕೆ ಬಂತು. ಸರ್ಕಾರಿ ಕಾಗದದಲ್ಲಿ ಒಮ್ಮೆ ಟೈಪಾದ ಅಂಕಿಗೆ ಸಾವಿಲ್ಲ. ಪ್ರತಿ ಟೆಂಡರಿಗೂ ದಿನಾಂಕ ಬದಲಾಯಿತು, ಅಳತೆ ಹಾಗೇ ಉಳಿಯಿತು.

ಟೆಂಡರ್ ಪ್ರತಿ ಸಲ ಒಬ್ಬನೇ ದೊಡ್ಡ ಗುತ್ತಿಗೆದಾರನ ಪಾಲಾಗುತ್ತಿತ್ತು. ಬಡಗಿಯಂಥ ಸಣ್ಣವರಿಗೆ ಅವನ ಕೈಕೆಳಗೆ ಬೆಂಚಿನ ಕಾಲು ಕೊಯ್ದುಕೊಡುವ ಚಿಲ್ಲರೆ ಕೆಲಸ. ತನ್ನ ತಪ್ಪಿಗೆ ತಾನೇ ವರ್ಷ ವರ್ಷವೂ ನಾಲ್ಕು ನಾಲ್ಕು ಕಾಲು ಜೋಡಿಸಿಕೊಡುವುದೆಂದರೆ ಏನೆಂಬುದು ಅವನಿಗೇ ಗೊತ್ತು.

ಈ ವರ್ಷ ನಿಯಮಗಳು ಬದಲಾದವು. ಅರಗಿನ ಮೊಹರಿನ ಲಕೋಟೆ ಹೋಗಿ ಕಂಪ್ಯೂಟರ್ ಬಂತು. ಒಂದೇ ದೊಡ್ಡ ಟೆಂಡರು ಐದು ಪಾಲಾಯಿತು, ಸಣ್ಣ ಅಂಗಡಿಯವರೂ ತಮ್ಮ ಹೆಸರಿನಲ್ಲೇ ಹಾಕಬಹುದು. ಎಲ್ಲಕ್ಕಿಂತ ವಿಚಿತ್ರವೆಂದರೆ, ದರ ಹಾಕುವ ಮೊದಲು ಎಲ್ಲರನ್ನೂ ಕರೆದು ಸಭೆ ಮಾಡುತ್ತಾರಂತೆ, ಏನು ಬೇಕಾದರೂ ಪ್ರಶ್ನೆ ಕೇಳಬಹುದಂತೆ. ಆ ಸಭೆಯ ನಂತರ ಅಳತೆಯನ್ನು ಐದು ವರ್ಷ ಯಾರೂ ಮುಟ್ಟುವ ಹಾಗಿಲ್ಲ. ಹೆಂಡತಿ ಟೆಂಡರ್ ಪತ್ರವನ್ನು ಎರಡು ಸಲ ಓದಿ, ಬೆಂಚಿನ ಎತ್ತರದ ವಿಷಯ ಎತ್ತದೆ ಮನೆಗೆ ಬರಬೇಡಿ ಎಂದು ತಾಕೀತು ಮಾಡಿದಳು. ಬಡಗಿ ಆಗಲಿ ಎಂದ. ಅವನ ಕಣ್ಣು ಮಾತ್ರ ಹದಿನಾಲ್ಕನೇ ಷರತ್ತಿನ ಮೇಲೆ ನೆಟ್ಟಿತ್ತು: ಇಲಾಖೆಗೆ ತಪ್ಪು ಮಾಹಿತಿ ಕೊಟ್ಟವರನ್ನು ಮೂರು ವರ್ಷ ಎಲ್ಲ ಟೆಂಡರುಗಳಿಂದ ಹೊರಗಿಡಲಾಗುವುದು. ಜೀವಮಾನದಲ್ಲಿ ಮೊದಲ ಸಲ ಸ್ವಂತ ಹೆಸರಿನಲ್ಲಿ ಕೆಲಸ ಹಿಡಿಯುವ ಅವಕಾಶ ಬಂದಾಗಲೇ ಈ ಷರತ್ತೂ ಬರಬೇಕೆ?

ಸಭೆಗೆ ಐದು ಜನ ಬಡಗಿಗಳು ಒಗೆದ ಅಂಗಿ ತೊಟ್ಟು ಬಂದಿದ್ದರು. ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು, ಬೋರಲು ಹಾಕಿದ ಲೋಟಗಳು. ಹೊಸ ಖರೀದಿ ಅಧಿಕಾರಿ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ ಹೆಂಗಸು. ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಮೂರು ಸಲ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಹಿಂದಿನ ಕಾಲದಲ್ಲಿ ಪ್ರಶ್ನೆ ಕೇಳಿದವನ ಲಕೋಟೆ ತೆರೆಯುವ ಮೊದಲೇ ಕಾಣೆಯಾಗುತ್ತಿದ್ದದ್ದು ಎಲ್ಲರಿಗೂ ನೆನಪಿತ್ತು.

ನಮ್ಮ ಬಡಗಿ ಎದ್ದು ನಿಂತ. ಮೊದಲ ತರಗತಿಯ ಮಕ್ಕಳಿಗೆ ಇಪ್ಪತ್ತು ಇಂಚು ಎತ್ತರ ಜಾಸ್ತಿಯಾಯಿತು ಎಂದ. ಇಷ್ಟರಲ್ಲೇ ಮುಗಿದರೆ ಬಚಾವಾದೆ ಎಂದುಕೊಂಡಿದ್ದ. ಅಧಿಕಾರಿ ಕನ್ನಡಕ ಏರಿಸಿ ಕಡತ ತಿರುವಿದರು.

"ಇದರಲ್ಲಿ ತಜ್ಞರ ಸಲಹೆ ಮೇರೆಗೆ ಅಂತ ಬರೆದಿದೆಯಲ್ಲ. ತಜ್ಞರು ಹೇಳಿದ್ದನ್ನ ಸುಮ್ಮನೆ ಹೇಗೆ ಬದಲಾಯಿಸೋದು? ಯಾವ ತಜ್ಞರು ಅಂತ ಹೆಸರಿಲ್ಲ, ಇದ್ದಿದ್ರೆ ಅವರನ್ನೇ ಕೇಳಬಹುದಿತ್ತು."

ಹೆಸರಿಲ್ಲ! ಬಡಗಿಗೆ ಒಂದು ಕ್ಷಣ ಸ್ವರ್ಗವೇ ಕೈಗೆ ಸಿಕ್ಕ ಹಾಗಾಯಿತು. ಬಾಯಿ ಮುಚ್ಚಿ ಕೂತರೆ ಸಾಕು, ಕೆಲಸವೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಇನ್ನೈದು ವರ್ಷ ಮಕ್ಕಳ ಕಾಲಿಗೆ ಜೋಮು ಹಿಡಿಯುತ್ತದೆ, ಅಷ್ಟೇ ತಾನೆ. ಆ ಅಷ್ಟೇ ತಾನೆ ಎಂಬ ಮಾತೇ ಅವನನ್ನು ಕೂರಗೊಡಲಿಲ್ಲ.

"ಆ ತಜ್ಞ ನಾನೇ ಮೇಡಂ," ಎಂದ. "ನಮ್ಮ ಭಾವಮೈದನ್ನ ಕೂರಿಸಿ ತೆಗೆದ ಅಳತೆ ಅದು. ಅವನು ಆರಡಿ ಮೇಲೆ ನಾಲ್ಕಿಂಚು ಇದ್ದಾನೆ."

ಅವನು ಗುಮಾಸ್ತ, ಸೈಕಲ್, ನಾಚಿಕೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಹದಿನಾಲ್ಕನೇ ಷರತ್ತು ಗೊತ್ತಿದೆ, ಹೊರಗಿಡುವುದಾದರೆ ಇಡಿ, ಬೆಂಚು ಮಾತ್ರ ತಗ್ಗಿಸಿ ಎಂದ. ಪಕ್ಕದ ದಪ್ಪ ಮೀಸೆಯ ಬಡಗಿ ಮೊದಲು ಕೆಮ್ಮಿದ, ಆಮೇಲೆ ತಡೆಯಲಾರದೆ ನಕ್ಕ. ಅಧಿಕಾರಿ ನಗಲಿಲ್ಲ, ತುಟಿ ಬಿಗಿ ಹಿಡಿದು ಷರತ್ತನ್ನು ಇನ್ನೊಮ್ಮೆ ಓದಿದರು. ಅದು ಈ ವರ್ಷದಿಂದ ಜಾರಿಗೆ ಬಂದದ್ದು, ಇಪ್ಪತ್ತಾರು ವರ್ಷ ಹಳೆಯ ತಪ್ಪಿಗೆ ತಾಗುವುದಿಲ್ಲ ಎಂದರು. ಸರಿಯಾದ ಅಳತೆ ಎಷ್ಟು ಎಂದು ಕೇಳಿದರು. ಬಡಗಿ ಮತ್ತೆ ತಲೆ ಕೆರೆದುಕೊಂಡ. ಅವನು ಈವರೆಗೆ ಒಂದು ಮಗುವನ್ನೂ ಹಲಗೆಯ ಮೇಲೆ ಕೂರಿಸಿರಲಿಲ್ಲ. ದರ ಹಾಕುವವರಲ್ಲಿ ಒಬ್ಬನೇ ಅಳತೆ ಕೊಟ್ಟರೆ ಉಳಿದವರಿಗೆ ಅನ್ಯಾಯ ಎಂದು ಮೀಸೆ ಆಕ್ಷೇಪ ಎತ್ತಿದ. ಹೊಸ ನಿಯಮವೂ ಅದನ್ನೇ ಹೇಳುತ್ತಿತ್ತು. ಹಾಗಾದರೆ ಐವರೂ ಒಟ್ಟಿಗೆ ಹೋಗಿ ಅಳೆಯಿರಿ ಎಂದು ತೀರ್ಮಾನವಾಯಿತು. ಯಾವ ಶಾಲೆ? ಕಚೇರಿಗೆ ಹತ್ತಿರದ್ದು. ಅಂದರೆ ಹೆಂಡತಿಯದು. ಅಂದು ರಾತ್ರಿ ಅವಳು ಕೇಳಿದ್ದಕ್ಕೆ ಬಡಗಿ, ವಿಷಯ ಎತ್ತಿದ್ದೇನೆ ಎಂದಷ್ಟೇ ಹೇಳಿ ಪೆನ್ಸಿಲ್ ಹುಡುಕಲು ಹೋದ.

ಮರುದಿನ ಬೆಳಿಗ್ಗೆ ಐವರು ಬಡಗಿಗಳು ಹಲಗೆಗಳನ್ನು ಹೊತ್ತು ಒಂದನೇ ತರಗತಿಗೆ ಬಂದರು. ಮಕ್ಕಳಿಗೆ ಜಾತ್ರೆಯಷ್ಟು ಸಂಭ್ರಮ. ಎತ್ತರ ತಪ್ಪಿದೆ ಎಂದು ಧೈರ್ಯವಾಗಿ ಎದ್ದು ಹೇಳಿದವರು ಇವರೇ ಎಂದು ಜೊತೆಗೆ ಬಂದಿದ್ದ ಅಧಿಕಾರಿ ಬಡಗಿಯನ್ನು ತೋರಿಸಿದರು. ಟೀಚರ ಮುಖ ಅರಳಿತು. ನಮ್ಮವರು ಎಂದರೆ ಹೀಗೆ ಎಂಬ ಹೆಮ್ಮೆಯಿಂದ ಅವಳು ಮಕ್ಕಳಿಂದ ಚಪ್ಪಾಳೆಯನ್ನೂ ಹೊಡೆಸಿದಳು. ಉಳಿದ ನಾಲ್ವರು ಬಡಗಿಗಳು ಮಾಳಿಗೆಯ ತೊಲೆ ನೋಡುತ್ತ ನಿಂತರು. ಎಷ್ಟಾದರೂ ಒಂದೇ ಕಸುಬಿನವರು, ಒಬ್ಬನೂ ಬಾಯಿ ಬಿಡಲಿಲ್ಲ. ಬಡಗಿಗೆ ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು, ಚಪ್ಪಾಳೆ ತಡೆಯಲಾಗಲಿಲ್ಲ.

"ನೀನು ಹುಡುಕ್ತಿದ್ದ ಮಹಾನುಭಾವ ನಾನೇ ಕಣೆ," ಎಂದ. "ಮದುವೆಯಾದ ಹೊಸತರಲ್ಲಿ ನಿನ್ನ ತಮ್ಮನ್ನ ಕೂರಿಸಿ ಅಳೆದಿದ್ದೆ."

ಅವಳು ಅವನನ್ನು ನೋಡಿದಳು, ಬೆಂಚುಗಳನ್ನು ನೋಡಿದಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಇಪ್ಪತ್ತಾರು ವರ್ಷ, ಅಷ್ಟೂ ಮಕ್ಕಳು ರೀ," ಎಂದಳು. ಮೊದಲ ಬೆಂಚಿನತ್ತ ಸ್ಕೇಲು ತೋರಿಸಿದಳು. "ಹತ್ತಿ ಕೂತ್ಕೊಳ್ಳಿ. ಗಂಟೆ ಹೊಡೆಯೋ ತನಕ ಇಳಿಯೋ ಹಾಗಿಲ್ಲ."

ಬಡಗಿ ಹತ್ತಿ ಕೂತ. ಅವನೂ ಕುಳ್ಳನೇ, ಕಾಲು ನೆಲಕ್ಕೆ ಎಟುಕಲಿಲ್ಲ. ಉಳಿದವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಲಗೆಯ ಮೇಲೆ ಕೂರಿಸುತ್ತ, ಪಾದ ನೆಲಕ್ಕೆ ತಾಗುವ ತನಕ ಹಲಗೆ ತೆಗೆಯುತ್ತ ಹೋದರು. ಅವನು ಅಲ್ಲಿಂದಲೇ ಅಳತೆ ಬರೆದುಕೊಂಡ. ಹತ್ತು ನಿಮಿಷಕ್ಕೆ ಜೋಮು ಹಿಡಿಯಿತು. ಇಪ್ಪತ್ತು ನಿಮಿಷಕ್ಕೆ ಎಡಗಾಲಿನ ಚಪ್ಪಲಿ ಬಿತ್ತು. ಪಕ್ಕದಲ್ಲಿದ್ದ ಹುಡುಗಿ, ಬಲಗಾಲಿನದೂ ಬೀಳುತ್ತದೆ, ಈಗಲೇ ತೆಗೆದಿಡಿ ಎಂದು ಅನುಭವದ ಮಾತು ಹೇಳಿದಳು. ಗಂಟೆ ಹೊಡೆದಾಗ ಅವನನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು. ಹಾಗೆ ಇಳಿಯುವಾಗ ಅವನು ಹಲ್ಲು ಕಚ್ಚಿದ ಚಂದ ನೋಡಿ ಟೀಚರಿಗೆ ಕೊನೆಗೂ ನಗು ಬಂತು, ಬಂದದ್ದು ಬೇಗ ನಿಲ್ಲಲಿಲ್ಲ.

ಅಳತೆ ಹನ್ನೆರಡು ಇಂಚು ಎಂದು ನಿಂತಿತು. ಐದರಲ್ಲಿ ನಾಲ್ಕು ಪಾಲು ಬೇರೆಯವರಿಗೆ ಹೋದವು, ಮೀಸೆ ಎರಡು ಹೊಡೆದ. ಎಲ್ಲಕ್ಕಿಂತ ಚಿಕ್ಕ ಪಾಲು ನಮ್ಮ ಬಡಗಿಗೆ ಸಿಕ್ಕಿತು. ಆ ಪಾಲಿನಲ್ಲಿ ಈ ಶಾಲೆಯೂ ಸೇರಿತ್ತು. ಬೇರೆ ಯಾವುದು ಸಿಕ್ಕಿದ್ದರೂ ಅವನಿಗೆ ಅಷ್ಟು ಖುಷಿಯಾಗುತ್ತಿರಲಿಲ್ಲ.

ಹೊಸ ಬೆಂಚುಗಳನ್ನು ಜೋಡಿಸಿದ ದಿನ ಅವನು ಬಾಗಿಲಲ್ಲೇ ನಿಂತ. ಮಕ್ಕಳು ಹತ್ತಲು ಹೋಗಿ, ಹತ್ತುವ ಅಗತ್ಯವೇ ಇಲ್ಲವೆಂದು ತಿಳಿದು, ಸುಮ್ಮನೆ ಕೂತರು. ಆಮೇಲೆ ಮುಂದಿನ ಸಾಲಿನ ಒಬ್ಬಳು ಕಾಲ ಕೆಳಗೆ ನೆಲ ಇರುವುದನ್ನು ಪತ್ತೆ ಹಚ್ಚಿ ಒಮ್ಮೆ ಟಪ್ ಎಂದು ತುಳಿದಳು. ಪಕ್ಕದವನು ಎರಡು ಸಲ ತುಳಿದ. ನೋಡನೋಡುತ್ತಿದ್ದಂತೆ ನಲವತ್ತು ಮಕ್ಕಳೂ ಕೂತಲ್ಲೇ ಧಡಧಡ ತುಳಿಯತೊಡಗಿದರು. ಟೀಚರು ಸ್ಕೇಲಿನಿಂದ ಮೇಜು ಕುಟ್ಟಿದಳು, ಅದು ಅವಳಿಗೇ ಕೇಳಿಸಲಿಲ್ಲ. ಸದ್ದಿಗೆ ಪಕ್ಕದ ತರಗತಿಯವರು ಓಡಿ ಬಂದರು. ಅವಳು ಸ್ಕೇಲು ಕೆಳಗಿಟ್ಟು, ಇವತ್ತೊಂದು ದಿನ ತುಳಿಯಲಿ ಬಿಡಿ ಎಂದು ಅವರನ್ನು ಕಳಿಸಿದಳು.

ಬಡಗಿ ಬಗ್ಗಿ ಬೆಂಚುಗಳ ಕೆಳಗೆ ಸಾಲು ಸಾಲಾಗಿ ನೋಡಿದ. ಚಪ್ಪಲಿ ಒಂದೂ ಬಿದ್ದಿರಲಿಲ್ಲ.