ಸುಶೀಲಾ ಸಿಸ್ಟರ್ ಕುಳಿತ ಸ್ಟೂಲು

ನಾನು ಸಾಗುವಾನಿಯ ಒಂದು ಸ್ಟೂಲು. ಮೌನೇಶಪ್ಪ ಬಡಿಗೇರರು ಮೊಳೆ ಬಳಸದೆ, ಮರಕ್ಕೆ ಮರ ಕೂಡಿಸಿ ನನ್ನನ್ನು ಕಟ್ಟಿದರು. ಮೊದಲು ತಾವೇ ಕುಳಿತು ನೋಡಿ, "ಆನಿ ಕುಂತ್ರೂ ಅಲುಗಂಗಿಲ್ಲ" ಅಂದರು. ಹುಟ್ಟಿದ ದಿನವೇ ಇಂಥ ಮಾತು ಕೇಳಿದವನಿಗೆ ಹೆಮ್ಮೆ ಇರದೆ ಇದ್ದೀತೆ?

ಹನ್ನೊಂದು ವರ್ಷ ಒಂದು ಫೋಟೊ ಸ್ಟುಡಿಯೋದಲ್ಲಿದ್ದೆ. ನಗಿರಿ ಎಂದಾಗ ನಗುವವರನ್ನೆಲ್ಲ ಹೊತ್ತೆ. ಸ್ಟುಡಿಯೋ ಮುಚ್ಚಿದಾಗ ಅದರ ಮಾಲೀಕರು ನನ್ನನ್ನು ಊರಿನ ಸರ್ಕಾರಿ ಆಸ್ಪತ್ರೆಗೆ ಕೊಟ್ಟರು. ಹೆಂಗಸರ ವಾರ್ಡಿನಲ್ಲಿ ನನ್ನ ಮೇಲೆ ಗ್ಲೂಕೋಸ್ ಬಾಟಲಿಗಳ ಡಬ್ಬ ಇಟ್ಟರು. ಕೂರುವವರೇ ಇರಲಿಲ್ಲ. ಅಲ್ಲಿ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ.

ನೀಲವ್ವ ಎಂಬ ಹೆಣ್ಣುಮಗಳು ತನ್ನ ಜೀವಕ್ಕೆ ತಾನೇ ಹಾನಿ ಮಾಡಿಕೊಂಡು ಅಲ್ಲಿಗೆ ಬಂದಳು. ವರ್ಷದಲ್ಲಿ ಅದು ಎರಡನೆಯ ಸಲ. ಹಿಂದಿನ ಸಲ ಆಸ್ಪತ್ರೆಯ ಕಾಗದದಲ್ಲಿ "ಹೊಟ್ಟೆನೋವು ತಾಳಲಾರದೆ" ಎಂದು ಬರೆದು ಅವಳನ್ನು ಮನೆಗೆ ಕಳಿಸಿದ್ದರು. ಈ ಸಲವೂ ಗಂಡ ಮಂಚದ ಬಳಿಯೇ ನಿಂತು, "ಹೊಟ್ಟಿನೋವ್ರೀ, ಮೊದಲಿಂದ ಐತಿ" ಅನ್ನುತ್ತಿದ್ದ. ಅವಳನ್ನು ಕೇಳಿದ್ದಕ್ಕೂ ಅವನೇ ಉತ್ತರ ಕೊಡುತ್ತಿದ್ದ.

ಬಿಪಿ ನೋಡಲು ಅವಳ ತೋಳೆತ್ತಿದ ವಾರ್ಡಿನ ಸುಶೀಲಾ ಸಿಸ್ಟರ್ ಅಲ್ಲಿ ಹಳೆಯ ಬಾಸುಂಡೆಗಳನ್ನು ಕಂಡರು. ಚೀಟಿ ಕೊಟ್ಟು ಗಂಡನನ್ನು ಔಷಧಿ ತರಲು ಕಳಿಸಿದರು. ಆಮೇಲೆ ನನ್ನ ಮೇಲಿನ ಡಬ್ಬ ಇಳಿಸಿ, ನನ್ನನ್ನು ಮಂಚದ ಪಕ್ಕಕ್ಕೆಳೆದು ಕುಳಿತರು.

"ಯವ್ವಾ, ಮನ್ಯಾಗ ನಿನ್ನ ಯಾರರ ಹೊಡೀತಾರೇನು?"

ನೀಲವ್ವ ಗೋಡೆಯ ಕಡೆ ತಿರುಗಿದಳು. ಸಿಸ್ಟರ್ ಏಳಲಿಲ್ಲ. ಬಹಳ ಹೊತ್ತಾಯಿತು.

"ಸಾಯಬೇಕಂತ ಇರಲಿಲ್ರೀ," ಎಂದಳು ಕೊನೆಗೆ. "ಹೊಡತ ನಿಲ್ಲಲಿ ಅಂತಿತ್ತು. ಆರು ವರ್ಷ ಆತು. ಇಲ್ಲೀತನಕ ಯಾರೂ ಕೇಳಿರಲಿಲ್ಲ."

ಸಿಸ್ಟರ್ ಡಾಕ್ಟರನ್ನು ಕರೆಸಿದರು. ಈ ಸಲ ಕಾಗದದಲ್ಲಿ ನಿಜ ಬಿತ್ತು. ಮಹಿಳಾ ಸಹಾಯವಾಣಿಗೂ ನೀಲವ್ವನ ಅಕ್ಕನಿಗೂ ಫೋನು ಹೋಯಿತು. ಅಷ್ಟರಲ್ಲಿ ಗಂಡ ಬಂದ.

"ಡಿಸ್ಚಾರ್ಜ್ ಮಾಡ್ರಿ. ಮನಿಗೆ ಕರಕೊಂಡು ಹೊಕ್ಕೀನಿ."

"ಆಕೀನ್ನ ಕೇಳು," ಎಂದರು ಸಿಸ್ಟರ್, ಕುಳಿತಲ್ಲಿಂದಲೇ. ಅವನು ಹತ್ತಿರ ಬಂದು ಗದರಿದ. ಸಿಸ್ಟರ್ ಏಳದೆ ನನ್ನ ಅಂಚನ್ನು ಬಿಗಿಯಾಗಿ ಹಿಡಿದರು. ನಾನು ನಾಲ್ಕೂ ಕಾಲೂರಿ ನಿಂತೆ.

"ನಾ ಬರಂಗಿಲ್ಲ," ಎಂದಳು ನೀಲವ್ವ.

ಅವಳು ಅಕ್ಕನ ಮನೆಗೆ ಹೋದಳು. ಗಂಡನ ಮೇಲೆ ಕೋರ್ಟಿನಲ್ಲಿ ಕೇಸು ನಡೆಯಿತು. ಕೆಲವು ತಿಂಗಳು ಆಸ್ಪತ್ರೆಯ ಮನೋವೈದ್ಯರ ಬಳಿಗೂ ಬಂದುಹೋದಳು. ಒಂದೆರಡು ಸಲ ಬಹಳ ಕುಗ್ಗಿದ್ದಳು. ಆಗಲೂ ತಾನಾಗಿಯೇ ಬಂದು, ನನ್ನ ಮೇಲೆ ಕುಳಿತು ಸಿಸ್ಟರ್‌ಗಾಗಿ ಕಾದಳು. ಈಗ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ.

ಅಂದಿನಿಂದ ಆ ವಾರ್ಡಿನಲ್ಲಿ ನೀಲವ್ವನ ಹಾಗೆ ಬಂದ ಪ್ರತಿ ಹೆಂಗಸನ್ನೂ ಒಬ್ಬಳೇ ಇರುವಾಗ, ಕುಳಿತು ಕೇಳುವುದು ರೂಢಿಯಾಯಿತು. ಸಿಸ್ಟರ್ ನಿವೃತ್ತರಾಗುವವರೆಗೆ ಅವರನ್ನು ಹೊತ್ತವನು ನಾನೇ.

ಈಗ ನನ್ನ ಒಂದು ಕಾಲು ಸೀಳಿದೆ. ವಾರ್ಡಿನ ಮೂಲೆಯಲ್ಲಿ ಕುಡಿಯುವ ನೀರಿನ ಕೊಡ ಹೊತ್ತು ನಿಂತಿದ್ದೇನೆ. ಇವತ್ತು ಬೆಳಿಗ್ಗೆ ಹೊಸ ಸಿಸ್ಟರ್ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಒಬ್ಬಳ ಪಕ್ಕ ಕುಳಿತರು. ಮೆಲ್ಲಗೆ ಏನೋ ಕೇಳಿದರು. ಆ ಕುರ್ಚಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಗಟ್ಟಿಯಾಗಿ ನಿಲ್ಲಪ್ಪಾ, ಅವಳು ಬಾಯಿಬಿಡಲು ಹೊತ್ತಾದೀತು ಎಂದಷ್ಟೇ ಅದಕ್ಕೆ ಹೇಳಬೇಕೆನಿಸಿತು.